ಹಳೆ ಕಾಂಟೆಸ್ಸಾ, ಗುಜರಿ ಟರ್ಬೊ, ಗೋವಿನಜೋಳದ ರೊಕ್ಕ

ಕಳೆದ ಡಿಸೆಂಬರ್‌ನ ಒಂದು ಸಂಜೆ. ಡಂಬಳ ದಾಟಿ ಮುಂಡರಗಿ ಕಡೆ ಹೊರಟಿದ್ದ ಬಿಳಿ ಕಾಂಟೆಸ್ಸಾ ಕಾರೊಂದು ರಸ್ತೆ ಬದಿಗೆ ಬಂದು ನಿಂತುಬಿಟ್ಟಿತು. ಸೈಲೆನ್ಸರ್‌ನಿಂದ ನೀಲಿ ಹೊಗೆ, ಬಾನೆಟ್ ಕೆಳಗಿನಿಂದ ಸುಟ್ಟ ಆಯಿಲ್ ವಾಸನೆ. ದೂರದಲ್ಲಿ ಕಪ್ಪತಗುಡ್ಡದ ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಕಾರು ಓಡಿಸುತ್ತಿದ್ದವನು ಲಕ್ಷ್ಮೇಶ್ವರದ ನನ್ನ ಗೆಳೆಯ. ಪಕ್ಕದಲ್ಲಿ ಕೂತು ಬೂಸ್ಟ್ ಮೀಟರ್ ನೋಡುತ್ತಿದ್ದವನು ನಾನು. ಇಬ್ಬರೂ ಐದು ನಿಮಿಷ ಮಾತಾಡಲಿಲ್ಲ.

ಕಬ್ಬು ಇಳಿಸಿ ಖಾಲಿ ಟ್ರೇಲರ್ ಎಳೆದುಕೊಂಡು ಹೊರಟಿದ್ದ ಹಿರಿಯರೊಬ್ಬರು ಕಾರಿಗೆ ಹಗ್ಗ ಕಟ್ಟಿ ಗದಗದವರೆಗೂ ಎಳೆದು ತಂದರು. ‘ಏನ್ ತಮ್ಮಾ, ಇಷ್ಟ್ ದೊಡ್ಡ ಗಾಡಿ, ನಡು ದಾರ‍್ಯಾಗ ಕೈ ಕೊಡ್ತಲ್ಲೋ’ ಎಂದು ನಕ್ಕರು. ಅವರ ಟ್ರ್ಯಾಕ್ಟರ್‌ನ ಬಾನೆಟ್ ಮೇಲೆ ದಪ್ಪ ಅಕ್ಷರಗಳಲ್ಲಿ ‘ಟರ್ಬೊ’ ಎಂದು ಬರೆದಿತ್ತು. ನಮ್ಮ ಕಾರಿನೊಳಗೂ ಅದೇ ಇತ್ತು. ಅವರದನ್ನು ಕಾರ್ಖಾನೆಯವರು ಕೂರಿಸಿದ್ದರು, ನಮ್ಮದನ್ನು ನಾವು.

ಇದನ್ನು ಬರೆಯಲು ಕಾರಣವಿದೆ. ಗದಗ-ಬೆಟಗೇರಿಯಲ್ಲಿ ಸಂಜೆ ಮುಳಗುಂದ ನಾಕಾದ ಬಳಿ ಹತ್ತು ನಿಮಿಷ ನಿಂತರೆ ಗಾಡಿಗಳ ಸದ್ದಿನಲ್ಲೇ ಗೊತ್ತಾಗುತ್ತದೆ, ಎಷ್ಟು ಜನ ತಮ್ಮ ಗಾಡಿಗೆ ಏನೇನು ಮಾಡಿಸಿದ್ದಾರೆ ಎಂದು. ಹಳೆ ಬೈಕಿಗೆ ಬೇರೆ ಸೈಲೆನ್ಸರ್, ಜೀಪಿಗೆ ದೊಡ್ಡ ಟೈರು, ಕಾರಿಗೆ ಬೇರೆ ಬಂಪರು. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಜಪ್ತಿ ಮಾಡಿದ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ನೀವು ಇದೇ ಪತ್ರಿಕೆಯಲ್ಲಿ ನೋಡಿರುತ್ತೀರಿ. ಆ ಫೋಟೊ ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಸೈಲೆನ್ಸರ್ ಬದಲಿಸುವುದು ಬರೀ ಸದ್ದು, ನಮ್ಮದು ಎಂಜಿನಿಯರಿಂಗ್ ಎಂಬ ಗರ್ವ ನನ್ನದು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿದೆ ಬೇರೆ.

ಮೊದಲು ಕಾರಿನ ವಿಷಯ. ಅಮೆರಿಕದಲ್ಲಿ 1960ರ ದಶಕದಲ್ಲಿ ದೊಡ್ಡ ಎಂಜಿನ್, ಉದ್ದ ಬಾನೆಟ್‌ನ ಕಾರುಗಳಿಗೆ ‘ಮಸಲ್ ಕಾರ್’ ಎಂಬ ಹೆಸರು ಬಂತು. ನಮ್ಮ ದೇಶದಲ್ಲಿ ಆ ಹೆಸರಿಗೆ ಹತ್ತಿರ ಬಂದದ್ದು ಕಾಂಟೆಸ್ಸಾ ಒಂದೇ. ಅಂಬಾಸಿಡರ್ ಮಾಡುತ್ತಿದ್ದ ಹಿಂದುಸ್ತಾನ್ ಮೋಟರ್ಸ್ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ಹಳೆ ವಿನ್ಯಾಸ ತಂದು 1984ರಲ್ಲಿ ಇದನ್ನು ಮಾರುಕಟ್ಟೆಗೆ ಬಿಟ್ಟಿತು. 2002ರವರೆಗೆ ತಯಾರಾಯಿತು. ಮೊದಮೊದಲು ಇದರೊಳಗೆ ಇದ್ದದ್ದು ಅಂಬಾಸಿಡರ್ ಎಂಜಿನ್ನೇ. ಆನೆಯ ಮೈಗೆ ಆಕಳ ಕಾಲು ಕೂರಿಸಿದ ಹಾಗೆ. ಆಮೇಲೆ ಜಪಾನಿನ ಇಸುಝು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂದ ಮೇಲೆ ಕಾರಿಗೆ ಜೀವ ಬಂತು. ಆ ಕಾಲದಲ್ಲಿ ಅದು ಮಂತ್ರಿಗಳ ಕಾರು, ಸಿನಿಮಾದಲ್ಲಿ ಖಳನಾಯಕನ ಕಾರು.

ಗೆಳೆಯನದು 1996ರ ಮಾಡೆಲ್. ಗದಗ ಜಿಲ್ಲೆ ಆದದ್ದು 1997ರಲ್ಲಿ, ಹೀಗಾಗಿ ಕಾರಿನ ನಂಬರ್ ಇನ್ನೂ ಧಾರವಾಡದ ಕೆಎ-25. ಹುಬ್ಬಳ್ಳಿಯಲ್ಲಿ ಒಬ್ಬರ ಮನೆ ಹಿಂದೆ ಹುಣಸೆ ಗಿಡದ ಕೆಳಗೆ ವರ್ಷಗಟ್ಟಲೆ ನಿಂತಿತ್ತು. ಗೆಳೆಯ ಅದನ್ನು ತಂದು, ತುಕ್ಕು ಬಿಡಿಸಿ, ಬಣ್ಣ ಹಚ್ಚಿ, ಓಡುವ ಹಾಗೆ ಮಾಡಿದ. ಅಲ್ಲಿಗೆ ಬಿಟ್ಟಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಒಂದು ದಿನ ಹುಬ್ಬಳ್ಳಿ ರಸ್ತೆಯಲ್ಲಿ ಹೊಸ ಸಣ್ಣ ಕಾರೊಂದು ಸರ್ರನೆ ನಮ್ಮನ್ನು ದಾಟಿ ಹೋಯಿತು. 1 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನಿನದು. ‘ನಮ್ಮದು 1.8 ಐತಿ, ಅದು 1.0 ಐತಿ. ನಾವೂ ಟರ್ಬೊ ಹಾಕೂಣು’ ಎಂದ. ಹಾಕಬಹುದಾ ಎಂದು ಕೇಳಲಿಲ್ಲ, ಎಷ್ಟಾಗ್ತದ ಎಂದು ಕೇಳಿದ. ಅಲ್ಲೇ ತಪ್ಪು ಶುರುವಾದದ್ದು. ಲೆಕ್ಕ ಹಾಕಿ ಕೊಟ್ಟವನು ನಾನು.

ಟರ್ಬೊ ಎಂದರೆ ಏನು? ಎಂಜಿನ್ ಉಸಿರಾಡುವ ಯಂತ್ರ. ಎಷ್ಟು ಗಾಳಿ ಒಳಗೆ ಹೋಗುತ್ತದೋ ಅದಕ್ಕೆ ತಕ್ಕಷ್ಟೇ ಇಂಧನ ಉರಿಸಬಹುದು. ಸಾಮಾನ್ಯ ಎಂಜಿನ್ ಹೊರಗಿನ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೊದಲ್ಲಿ ಒಂದೇ ದಂಡಕ್ಕೆ ಎರಡು ಚಕ್ರ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಕಪ್ಪತಗುಡ್ಡದ ಗಾಳಿ ಅಲ್ಲಿನ ರೆಕ್ಕೆಗಳನ್ನು ತಿರುಗಿಸುವ ಹಾಗೆ. ಅದರೊಂದಿಗೆ ತಿರುಗುವ ಇನ್ನೊಂದು ಚಕ್ರ ಹೊಸ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ವ್ಯತ್ಯಾಸ ವೇಗದಲ್ಲಿ. ಗುಡ್ಡದ ರೆಕ್ಕೆ ನಿಮಿಷಕ್ಕೆ ಹತ್ತಿಪ್ಪತ್ತು ಸುತ್ತು ಹಾಕಿದರೆ, ಟರ್ಬೊದ ಚಕ್ರ ಲಕ್ಷ ಸುತ್ತು ದಾಟುತ್ತದೆ. ಆ ದಂಡ ನಿಂತಿರುವುದು ಎಂಜಿನ್ ಆಯಿಲ್‌ನ ತೆಳ್ಳನೆಯ ಪದರದ ಮೇಲೆ. ಆಯಿಲ್ ಒಂದು ಕ್ಷಣ ತಪ್ಪಿದರೆ ಕಥೆ ಮುಗಿಯಿತು.

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರ್ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಶುರುವಾದದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ. ಆದರೆ ಬಡವನಿಗೆ ರೊಕ್ಕ ಕೊಡುವ ಉಪಾಯ ಮತ್ತು ಸಣ್ಣ ಎಂಜಿನ್‌ಗೆ ಶಕ್ತಿ ಕೊಡುವ ಉಪಾಯ ಒಂದೇ ವರ್ಷ ಹುಟ್ಟಿದವು ಎಂದು ನೆನಪಿಡುವುದು ನನಗೆ ಇಷ್ಟ.

ನಮ್ಮ ಲೆಕ್ಕ ಹೀಗಿತ್ತು. ಹೊಸ ಟರ್ಬೊ ಕೊಳ್ಳುವ ಮಾತೇ ಇಲ್ಲ. ಅಪಘಾತವಾಗಿ ಗುಜರಿಗೆ ಬಂದಿದ್ದ ಸ್ವಿಫ್ಟ್ ಡೀಸೆಲ್ ಕಾರಿನ ಟರ್ಬೊ ಸಿಕ್ಕಿತು. ಅದನ್ನು ಕೂರಿಸಲು ಹೊಸ ಮ್ಯಾನಿಫೋಲ್ಡ್ ಬೇಕು. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡಿಂಗ್ ಶಾಪಿನಲ್ಲಿ ದಪ್ಪ ಪೈಪ್ ಕತ್ತರಿಸಿ ಬೆಸೆಯಿಸಿದೆವು. ಆಯಿಲ್ ಬರಲು ಒಂದು ಪೈಪು, ಹೋಗಲು ಒಂದು ಪೈಪು. ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್ ಕೂಡ ಗುಜರಿಯದೇ. ರಬ್ಬರ್ ಹೋಸು, ಕ್ಲಿಪ್ಪು, ಒಂದು ಬೂಸ್ಟ್ ಮೀಟರ್. ಎಲ್ಲ ಸೇರಿ 35 ಸಾವಿರ ಎಂದು ಹಾಳೆಯ ಮೇಲೆ ಬರೆದುಕೊಟ್ಟೆ. ಕಾರು ರಸ್ತೆಗೆ ಇಳಿಯುವ ಹೊತ್ತಿಗೆ 60 ಸಾವಿರ ದಾಟಿತ್ತು. ಇಂಥ ಕೆಲಸ ಮಾಡಿಸಿದ ಯಾರನ್ನೇ ಕೇಳಿ, ಬಜೆಟ್ ಎಂಬುದು ಮೊದಲ ಬೋಲ್ಟು ಬಿಚ್ಚುವವರೆಗೆ ಮಾತ್ರ.

ಕೆಲಸ ಮಾಡಿಕೊಟ್ಟ ಮಿಸ್ತ್ರಿ ಲಾರಿ, ಟ್ರ್ಯಾಕ್ಟರ್ ಕೆಲಸದಲ್ಲಿ ಪಳಗಿದವರು. ಎಷ್ಟೋ ಟರ್ಬೊ ಬಿಚ್ಚಿ ಕಟ್ಟಿದ್ದಾರೆ. ಆದರೆ ಅವೆಲ್ಲ ಡೀಸೆಲ್. ಇಲ್ಲಿ ನಾವಿಬ್ಬರೂ ಎಡವಿದೆವು. ಡೀಸೆಲ್ ಎಂಜಿನ್‌ನಲ್ಲಿ ಗಾಳಿ ಹೆಚ್ಚಾದರೆ ಅಪಾಯ ಕಡಿಮೆ, ಅದು ಮೊದಲೇ ಹೆಚ್ಚು ಗಾಳಿಯಲ್ಲಿ ಓಡುವ ಎಂಜಿನ್. ಅಲ್ಲಿ ಗಾಳಿಯನ್ನಷ್ಟೇ ಒತ್ತಿ, ಕೊನೆಗೆ ಡೀಸೆಲ್ ಚಿಮ್ಮಿಸಿ ಉರಿಸುತ್ತಾರೆ. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಮತ್ತು ಪೆಟ್ರೋಲ್ ಬೆರೆತೇ ಸಿಲಿಂಡರ್‌ಗೆ ಹೋಗುತ್ತವೆ. ಹೆಚ್ಚು ಒತ್ತಿದರೆ, ಹೆಚ್ಚು ಬಿಸಿಯಾದರೆ ಪ್ಲಗ್ಗಿನ ಕಿಡಿ ಹಚ್ಚಿದ ಉರಿ ಮುಟ್ಟುವ ಮೊದಲೇ ಉಳಿದ ಮಿಶ್ರಣ ತಾನೇ ಸಿಡಿಯುತ್ತದೆ. ಅದಕ್ಕೆ ನಾಕಿಂಗ್ ಎನ್ನುತ್ತಾರೆ. ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಹಾಕಿ ಅಲ್ಲಾಡಿಸಿದಂಥ ಸದ್ದು. ಡಂಬಳ ದಾಟಿದ ಮೇಲೆ ನಮಗೆ ಆ ಸದ್ದು ಕೇಳಿಸಿತ್ತು. ಟಪ್ಪೆಟ್ ಸಡಿಲಾಗಿರಬೇಕು ಎಂದು ನಾನೇ ಹೇಳಿದೆ.

ಎಂಜಿನ್ ಬಿಚ್ಚಿದಾಗ ಮೂರನೇ ಸಿಲಿಂಡರ್‌ನ ಪಿಸ್ಟನ್ ತಲೆಯಲ್ಲಿ ಕಿರುಬೆರಳು ತೂರುವಷ್ಟು ತೂತು ಬಿದ್ದಿತ್ತು. ಅಂಚು ಕರಗಿ ಮೇಣದಂತಾಗಿತ್ತು. ಯಾಕೆ ಹೀಗಾಯಿತು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಈಗ ಅನಿಸುವುದು, ಕಾರಣ ಒಂದಲ್ಲ.

ಮೊದಲನೆಯದು ನಾಚಿಕೆಯಾಗುವಷ್ಟು ಸರಳ. ಕಾಂಟೆಸ್ಸಾದ್ದು ಕಾರ್ಬ್ಯುರೇಟರ್ ಎಂಜಿನ್. ನಾವು ಟರ್ಬೊದ ಗಾಳಿಯನ್ನು ಕಾರ್ಬ್ಯುರೇಟರ್ ಮೂಲಕವೇ ಊದಿದೆವು. ಅಂದರೆ ಕಾರ್ಬ್ಯುರೇಟರ್‌ನ ಒಳಗೂ ಆ ಒತ್ತಡ ಇರುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಹಳೆ ಮೆಕ್ಯಾನಿಕಲ್ ಪಂಪಿನ ಒತ್ತಡ ಬಹಳ ಕಡಿಮೆ. ಬೂಸ್ಟ್ ಅದಕ್ಕಿಂತ ಹೆಚ್ಚಾದ ಕ್ಷಣ ಪೆಟ್ರೋಲ್ ಒಳಗೆ ಬರುವುದೇ ನಿಲ್ಲುತ್ತದೆ. ಊರೊಳಗೆ ಒಂದೆರಡು ಸೆಕೆಂಡ್ ಆಕ್ಸಿಲರೇಟರ್ ಒತ್ತಿ ಬಿಟ್ಟರೆ ಬಟ್ಟಲಲ್ಲಿದ್ದ ಪೆಟ್ರೋಲೇ ಸಾಕಾಗಿ ಏನೂ ಗೊತ್ತಾಗುವುದಿಲ್ಲ. ಬೆಟಗೇರಿಯಲ್ಲಿ ಟ್ರಯಲ್ ನೋಡಿದಾಗ ಕಾರು ಹುಲಿಯಂತೆ ಓಡಿತ್ತು. ಮುಂಡರಗಿ ರಸ್ತೆ ಖಾಲಿ ಸಿಕ್ಕಿತು, ಗೆಳೆಯ ಕಾಲು ತೆಗೆಯಲಿಲ್ಲ. ಗಾಳಿ ಹೆಚ್ಚುತ್ತಾ ಹೋಯಿತು, ಪೆಟ್ರೋಲ್ ಕಡಿಮೆಯಾಗುತ್ತಾ ಹೋಯಿತು. ಇಂಥ ಮಿಶ್ರಣ ಉರಿದಾಗ ಸಿಲಿಂಡರ್‌ನ ಬಿಸಿ ಏರಿ ನಾಕಿಂಗ್ ಶುರುವಾಗುತ್ತದೆ, ನಾಕಿಂಗ್ ಪಿಸ್ಟನ್ನನ್ನು ತಿನ್ನುತ್ತದೆ. ಮೇಲಾಗಿ ಕಿಡಿಯ ಟೈಮಿಂಗ್ ಹಿಂದೆ ಸರಿಸಬೇಕಿತ್ತು, ನಾವು ಹಾಗೇ ಬಿಟ್ಟಿದ್ದೆವು. ಟರ್ಬೊ ಕೂಡ ತಪ್ಪು ಆಯ್ಕೆ. ಅದು 1248 ಸಿಸಿ ಡೀಸೆಲ್ ಎಂಜಿನ್‌ಗೆ ಮಾಡಿದ್ದು. ಪೆಟ್ರೋಲಿನ ಹೊಗೆ ಡೀಸೆಲ್ ಹೊಗೆಗಿಂತ ಬಹಳ ಬಿಸಿ. ದೊಡ್ಡ ಎಂಜಿನ್ ಜೋರಾಗಿ ಓಡುವಾಗ ಅಷ್ಟು ಸಣ್ಣ ಬಾಯಿಂದ ಅದೆಲ್ಲ ಹೊರಹೋಗಬೇಕು.

ಇನ್ನೊಂದು ಕಾರಣ ನಮ್ಮ ಹೊಲಕ್ಕೇ ಬಂದು ಮುಟ್ಟುತ್ತದೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರುವರಿಯಲ್ಲಿ ಪ್ರಧಾನಿ ಇದಕ್ಕೆ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. 2025ರಲ್ಲಿ ಇದರ ಬಗ್ಗೆ ದೊಡ್ಡ ಗದ್ದಲವಾಯಿತು. ಹಳೆ ಗಾಡಿಯವರಿಗೆ ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಇರಲಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಕೆಲವು ಹಳೆ ವಾಹನಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ ಸ್ಪಷ್ಟನೆಯಲ್ಲಿ ಒಪ್ಪಿತ್ತು.

ತಾಂತ್ರಿಕವಾಗಿ ಇದರಲ್ಲಿ ಒಂದು ತಮಾಷೆ ಇದೆ. ಎಥೆನಾಲ್‌ನ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಅದು ಸಿಲಿಂಡರ್ ತಂಪು ಮಾಡುತ್ತದೆ. ಟರ್ಬೊ ಎಂಜಿನ್‌ಗೆ ಇದು ವರವೇ. ಆದರೆ ಎಥೆನಾಲ್ ಪೂರ್ತಿ ಉರಿಯಲು ಕಡಿಮೆ ಗಾಳಿ ಸಾಕು. 1 ಕೆ.ಜಿ. ಶುದ್ಧ ಪೆಟ್ರೋಲ್‌ಗೆ 14.7 ಕೆ.ಜಿ. ಗಾಳಿ ಬೇಕಾದರೆ, ಇ20ಗೆ ಸುಮಾರು 13.5. ಹೊಸ ಕಾರಿನ ಕಂಪ್ಯೂಟರ್ ಸೆನ್ಸರ್ ನೋಡಿ ಇಂಧನ ಹೆಚ್ಚಿಸಿಕೊಳ್ಳುತ್ತದೆ. 1996ರ ಕಾರ್ಬ್ಯುರೇಟರ್‌ಗೆ ಇದೇನೂ ತಿಳಿಯದು. ಅದರ ಜೆಟ್‌ನ ತೂತು ಅಂದು ಎಷ್ಟಿತ್ತೋ ಇಂದೂ ಅಷ್ಟೇ. ಹೀಗಾಗಿ ಪಂಪು ಕೈಕೊಡುವ ಮೊದಲೇ ನಮ್ಮ ಎಂಜಿನ್ ಅರೆಹೊಟ್ಟೆಯಲ್ಲಿ ಓಡುತ್ತಿತ್ತು. ಜೆಟ್ ದೊಡ್ಡದು ಹಾಕಿ, ಒಳ್ಳೆಯ ಪಂಪು, ಗಾಳಿ-ಇಂಧನ ಅಳೆಯುವ ಮೀಟರ್ ಕೂರಿಸಿದ್ದರೆ ಇದೇ ಇ20 ನಮ್ಮ ಕೈಹಿಡಿಯುತ್ತಿತ್ತು. ಅಷ್ಟು ಮಾಡಲು ಬೇಕಾದ ರೊಕ್ಕವನ್ನು ನಾವು ಬಂಪರ್‌ಗೆ ಕ್ರೋಮ್ ಹಾಕಿಸಲು ಖರ್ಚು ಮಾಡಿದ್ದೆವು.

ಆ ಎಥೆನಾಲ್ ಎಲ್ಲಿಂದ ಬರುತ್ತದೆ? ಮೊದಲು ಹೆಚ್ಚಾಗಿ ಕಬ್ಬಿನಿಂದ ಬರುತ್ತಿತ್ತು. ಈಚೆಗೆ ದೇಶದಲ್ಲಿ ಅದಕ್ಕೆ ಅತಿ ಹೆಚ್ಚು ಬಳಕೆಯಾಗುತ್ತಿರುವುದು ಮೆಕ್ಕೆಜೋಳ, ನಮ್ಮ ಮಾತಿನಲ್ಲಿ ಗೋವಿನಜೋಳ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹೊಲಗಳಲ್ಲಿ ಮಳೆಗಾಲದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಅದೇ. ಎಥೆನಾಲ್ ಕಾರ್ಖಾನೆಗಳು ಬಂದರೆ ಗೋವಿನಜೋಳಕ್ಕೆ ಬಂಗಾರದ ಬೆಲೆ ಎಂಬ ಮಾತನ್ನು ನಂಬಿ ಎಷ್ಟೋ ಜನ ಹೆಚ್ಚು ಬಿತ್ತಿದರು. ಆದದ್ದು ಬೇರೆ. ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ಕೇಳುವವರು ಅದಕ್ಕಿಂತ ಬಹಳ ಕೆಳಗಿನಿಂದ ಕೇಳಿದರು. 2025ರ ನವೆಂಬರ್‌ನಲ್ಲಿ ಲಕ್ಷ್ಮೇಶ್ವರದಲ್ಲಿ ಖರೀದಿ ಕೇಂದ್ರಕ್ಕಾಗಿ ರೈತರು ಧರಣಿ ಕೂತದ್ದು ನಿಮಗೆ ನೆನಪಿರಬೇಕು.

ಆ ಧರಣಿಯಲ್ಲಿ ಗೆಳೆಯನ ಅಪ್ಪನೂ ಇದ್ದರು. ಅವರ ಹೊಲ ಶಿರಹಟ್ಟಿ ತಾಲ್ಲೂಕಿನಲ್ಲಿದೆ. ಅವರು ಕೂತ ಪೆಂಡಾಲಿನ ಮುಂದೆಯೇ ನಾವು ಒಂದು ದಿನ ಇಂಟರ್‌ಕೂಲರ್ ಹಿಡಿದುಕೊಂಡು ಬೈಕಿನಲ್ಲಿ ಹೋದೆವು. ಅವರು ನೋಡಿದರು, ಏನೂ ಅನ್ನಲಿಲ್ಲ. ಕಾಕಾ ಸುಮ್ಮನಿದ್ದದ್ದು ಅಂದು ನನಗೆ ಹಗುರ ಅನಿಸಿತ್ತು. ಟರ್ಬೊಗೆ ಸುರಿದ ರೊಕ್ಕದಲ್ಲಿ ಅರ್ಧ, ಹಿಂಗಾರಿ ಬಿತ್ತನೆಗೆಂದು ತೆಗೆದಿಟ್ಟದ್ದು ಎಂದು ಗೊತ್ತಾದದ್ದು ಎಂಜಿನ್ ಬಿಚ್ಚಿದ ಮೇಲೆ.

ಹಾಗೆ ನೋಡಿದರೆ ಪುಕ್ಕಟೆ ಶಕ್ತಿ ಸಿಗುತ್ತದೆಂದು ನಂಬಿ ಕೆಟ್ಟವರಲ್ಲಿ ನಾವು ಮೊದಲಿಗರಲ್ಲ. ಅಮೆರಿಕದ ಜನರಲ್ ಮೋಟರ್ಸ್ 1962ರಲ್ಲಿ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಎಂಬ ಟರ್ಬೊ ಕಾರು ಬಿಟ್ಟಿತು. ಜನರಿಗೆ ಮಾರಿದ ಮೊದಲ ಟರ್ಬೊ ಕಾರುಗಳಲ್ಲಿ ಅದೂ ಒಂದು. ಅದೂ ಕಾರ್ಬ್ಯುರೇಟರ್ ಎಂಜಿನ್ನೇ, ಕಂಪ್ರೆಷನ್ ಅನುಪಾತ 10.25. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ಟ್ಯಾಂಕಿನಿಂದ ಚಿಮ್ಮಿಸುತ್ತಿದ್ದರು. ಕೊಂಡವರು ಆ ಟ್ಯಾಂಕ್ ತುಂಬಿಸುವುದನ್ನೇ ಮರೆತರು. ದೂರುಗಳು ಬಂದು, ಕೊನೆಗೆ ಕಂಪನಿಯೇ ಟರ್ಬೊ ಬಿಚ್ಚಿ ಸಾಮಾನ್ಯ ಕಾರ್ಬ್ಯುರೇಟರ್ ಹಾಕಿಕೊಡಬೇಕಾಯಿತು. ಅಷ್ಟು ದೊಡ್ಡ ಕಂಪನಿಯ ಎಂಜಿನಿಯರುಗಳ ಕೈಯಲ್ಲಿ ಆಗದ್ದನ್ನು ನಾವು ಮುಳಗುಂದ ನಾಕಾದ ಆಚೆ ಒಂದು ವಾರದಲ್ಲಿ ಮಾಡಹೊರಟಿದ್ದೆವು.

ಇನ್ನು ಕಾನೂನು. ನನಗೆ ಇದು ತಿಳಿದದ್ದು ತಡವಾಗಿ, ಓದಿಕೊಂಡದ್ದು ಹೆದರಿದ ಮೇಲೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸವಾಗುವಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಂತೆ ಇಂಥ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸದ್ದು ಮತ್ತು ಹೊಗೆಗೆ ಬೇರೆಯೇ ಕಲಮು ಇದೆ. ವಿಮೆ ಕಂಪನಿಗೆ ತಿಳಿಸದೆ ಎಂಜಿನ್ ಬದಲಿಸಿದ್ದರೆ, ಅಪಘಾತವಾದಾಗ ಅವರು ಕ್ಲೇಮು ತಿರಸ್ಕರಿಸಲು ಅದೇ ಕಾರಣವಾಗಬಹುದು. ಆ ಸಂಜೆ ಪಿಸ್ಟನ್ ಹೋಯಿತು, ಅಷ್ಟೇ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಇದ್ದಿದ್ದರೆ?

ಅದು ಬರೀ ಹೆದರಿಕೆಯ ಮಾತಲ್ಲ. ಎಂಜಿನ್ ಶಕ್ತಿ ಹೆಚ್ಚಿಸಿದ ನಾವು ಬ್ರೇಕನ್ನು ಮುಟ್ಟಿರಲಿಲ್ಲ. ಗಂಟೆಗೆ 80 ಕಿ.ಮೀ. ಬದಲು 100ರಲ್ಲಿ ಹೋಗುವ ಕಾರನ್ನು ನಿಲ್ಲಿಸಲು ಬ್ರೇಕು ಒಂದೂವರೆ ಪಟ್ಟು ಹೆಚ್ಚು ಶಕ್ತಿಯನ್ನು ನುಂಗಬೇಕು. ಕಾಂಟೆಸ್ಸಾದ ಹಿಂದಿನ ಗಾಲಿಗಳಲ್ಲಿ ಇರುವುದು ಡ್ರಮ್ ಬ್ರೇಕ್. ಜೊತೆಗೆ, ಪೆಟ್ರೋಲ್ ಕಾರುಗಳಲ್ಲಿ ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರ್ ಕೆಲಸ ಮಾಡುವುದು ಎಂಜಿನ್‌ನ ಮ್ಯಾನಿಫೋಲ್ಡ್‌ನಲ್ಲಿ ಉಂಟಾಗುವ ನಿರ್ವಾತದಿಂದ. ಟರ್ಬೊ ಒತ್ತುವಾಗ ಅಲ್ಲಿ ನಿರ್ವಾತದ ಬದಲು ಒತ್ತಡ ಇರುತ್ತದೆ. ನಡುವಿನ ಒಮ್ಮುಖ ವಾಲ್ವು ಹಳತಾಗಿ ಸೋರುತ್ತಿದ್ದರೆ ಪೆಡಲ್ ಕಲ್ಲಿನಂತಾಗುತ್ತದೆ. ನಮ್ಮ ವಾಲ್ವು ಸೋರುತ್ತಿತ್ತೇ ಎಂದು ನಾವು ನೋಡಿಯೇ ಇರಲಿಲ್ಲ. ಇದನ್ನು ಬರೆಯುವಾಗಲೂ ಕೈ ತಣ್ಣಗಾಗುತ್ತದೆ.

ಹಾಗಂತ ಕಾನೂನು ಈಗಿರುವ ಹಾಗೇ ಸರಿ ಎಂದು ನಾನು ಒಪ್ಪುವುದಿಲ್ಲ. ಇದೇ 52ನೇ ಕಲಮು ನಿಯಮದ ಪ್ರಕಾರ ಸಿಎನ್‌ಜಿ, ಎಲ್‌ಪಿಜಿ ಕಿಟ್ ಹಾಕಲು, ಎಂಜಿನ್ನನ್ನೇ ಕಿತ್ತು ಬ್ಯಾಟರಿ ಕೂರಿಸಲು ದಾರಿ ಬಿಟ್ಟಿದೆ. ಅಂದರೆ ಕಾರಿನ ಹೃದಯವನ್ನೇ ಬದಲಿಸಬಹುದು, ಅದಕ್ಕೆ ಒಪ್ಪಿಗೆ ಪಡೆದ ಕಿಟ್ ಇರಬೇಕು, ಪರೀಕ್ಷೆ ಆಗಬೇಕು. ಟರ್ಬೊಗೆ ಅಂಥ ದಾರಿಯೇ ಇಲ್ಲ. ಜರ್ಮನಿಯಲ್ಲಿ ಗಾಡಿ ಬದಲಿಸಿದವರು ಟಿಯುವಿ ಮುಂತಾದ ಸಂಸ್ಥೆಗಳ ತಜ್ಞರ ಮುಂದೆ ಅದನ್ನು ನಿಲ್ಲಿಸಬೇಕು, ಪಾಸಾದರೆ ದಾಖಲೆಯಲ್ಲಿ ಬರೆದುಕೊಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಟರ್ಬೊ ಹಾಕಿದವರಿಗೆ ಮಾನ್ಯತೆ ಪಡೆದ ಎಂಜಿನಿಯರ್‌ನ ಪ್ರಮಾಣಪತ್ರ ಬೇಕು, ಶಕ್ತಿ ಹೆಚ್ಚಾದರೆ ಬ್ರೇಕೂ ಅದಕ್ಕೆ ತಕ್ಕಂತಿರಬೇಕು. ಅಲ್ಲಿ ನಮ್ಮ ಕಾರು ಖಂಡಿತ ಫೇಲಾಗುತ್ತಿತ್ತು. ಆದರೆ ಯಾಕೆ ಫೇಲಾಯಿತು ಎಂದು ಡಂಬಳದ ರಸ್ತೆಗೆ ಇಳಿಯುವ ಮೊದಲೇ ಯಾರಾದರೂ ಬರೆದುಕೊಡುತ್ತಿದ್ದರು. ಇಲ್ಲಿ ಕೇಳಲು ಹೋಗುವುದೇ ತಪ್ಪೊಪ್ಪಿಗೆ. ಹೀಗಾಗಿ ಎಲ್ಲರೂ ಕತ್ತಲಲ್ಲಿ ಕೆಲಸ ಮಾಡಿಸುತ್ತಾರೆ, ಮಿಸ್ತ್ರಿಯೂ ಬಿಲ್ ಕೊಡುವುದಿಲ್ಲ.

ಇದರ ಹಿಂದೆ ಇನ್ನೊಂದು ಸಂಗತಿ ಇದೆ, ದೊಡ್ಡವರು ಗಮನಿಸದ್ದು. ನಮ್ಮ ಜಿಲ್ಲೆಯಲ್ಲಿ ಐಟಿಐ, ಡಿಪ್ಲೊಮಾ ಮಾಡಿದ ಹುಡುಗರಿಗೆ ಕೈಯಲ್ಲಿ ಕೆಲಸ ಬರುತ್ತದೆ, ಊರಲ್ಲಿ ಕೆಲಸ ಇಲ್ಲ. ಹುಬ್ಬಳ್ಳಿಗೋ ಬೆಂಗಳೂರಿಗೋ ಗೋವೆಗೋ ಹೋಗಬೇಕು. ಉಳಿದವರಿಗೆ ತಮ್ಮ ಕೈಚಳಕ ತೋರಿಸಲು ಇರುವುದು ಗಾಡಿ ಮತ್ತು ರೀಲ್ಸ್. ಜಾತ್ರೆಯಲ್ಲಿ ಟ್ರೇಲರ್ ಸಮೇತ ಟ್ರ್ಯಾಕ್ಟರ್ ರಿವರ್ಸ್ ಹೊಡೆಯುವ ಸ್ಪರ್ಧೆ ನೋಡಿ, ಎಂಥ ನಿಪುಣರಿದ್ದಾರೆ ನಮ್ಮಲ್ಲಿ! ಆದರೆ ಅದೇ ಹುರುಪು ಅಳತೆ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಪಂಜಾಬ್ ಇದೆ. 2023ರ ಅಕ್ಟೋಬರ್‌ನಲ್ಲಿ ಗುರುದಾಸಪುರ ಜಿಲ್ಲೆಯಲ್ಲಿ ಟ್ರ್ಯಾಕ್ಟರ್ ಸಾಹಸ ತೋರಿಸುತ್ತಿದ್ದ ಯುವಕನೊಬ್ಬ ಅದೇ ಟ್ರ್ಯಾಕ್ಟರ್ ಅಡಿ ಸಿಕ್ಕು ಸತ್ತ, ಸರ್ಕಾರ ಅಂಥ ಪ್ರದರ್ಶನಗಳನ್ನೇ ನಿಷೇಧಿಸಿತು. ವೇಗ ಬೇಕೆನ್ನುವವರಿಗೆ ಕಾರು ರ‍್ಯಾಲಿ, ಆಟೊಕ್ರಾಸ್ ಇವೆ, ಹೆಲ್ಮೆಟ್ಟು, ರೋಲ್ ಕೇಜು, ಆಂಬುಲೆನ್ಸು ಎಲ್ಲ ಇಟ್ಟುಕೊಂಡು ನಡೆಯುತ್ತವೆ. ಅವು ಗದಗಿನ ಹುಡುಗರಿಗೆ ದೂರ, ದುಬಾರಿ. ಒಂದು ಖಾಲಿ ಮೈದಾನದಲ್ಲಿ ವರ್ಷಕ್ಕೆರಡು ಸಲ ನಿಯಮಬದ್ಧ ಆಟೊಕ್ರಾಸ್ ನಡೆಸಲು ನಮ್ಮ ಜಿಲ್ಲಾಡಳಿತಕ್ಕೆ ಆಗದ ಮಾತೇನಲ್ಲ.

ಹಳೆ ಗಾಡಿಯನ್ನು ಇಟ್ಟುಕೊಳ್ಳುವುದೇ ಈಗ ಸುಲಭವಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ 10,000. ಗೆಳೆಯನ ಕಾಂಟೆಸ್ಸಾಕ್ಕೆ ಈ ವರ್ಷ ಜೂನ್‌ನಲ್ಲಿ ನವೀಕರಣ ಬಂತು. ಇನ್ನೊಂದು ನಿಯಮವನ್ನೂ ಹುಡುಕಿ ತೆಗೆದೆ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರಿಗೆ ‘ವಿಂಟೇಜ್’ ಎಂಬ ಬೇರೆಯೇ ಮಾನ್ಯತೆ ಸಿಗುತ್ತದೆ. ಷರತ್ತು, ಮೂಲ ರೂಪದಲ್ಲೇ ಇರಬೇಕು, ಎಂಜಿನ್ ಮತ್ತು ಚಾಸಿಯಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ನಮ್ಮ ಕಾರಿಗೆ 50 ತುಂಬುವುದು 2046ರಲ್ಲಿ. ಅಷ್ಟು ಹೊತ್ತಿಗೆ ಎಷ್ಟು ಕಾಂಟೆಸ್ಸಾ ಉಳಿದಿರುತ್ತವೋ.

ಈಗ ಎಂಜಿನ್‌ಗೆ ಹೊಸ ಪಿಸ್ಟನ್ ಸೆಟ್ ಬಂದಿದೆ, ಹುಬ್ಬಳ್ಳಿಯಲ್ಲಿ ಬೋರ್ ಮಾಡಿಸಿದ್ದಾಯಿತು. ಇ20 ತಡೆಯುವ ಹೋಸುಗಳು, ಒಂದು ನಂಬರ್ ದೊಡ್ಡ ಜೆಟ್, ಹೊಸ ಬ್ರೇಕ್ ಲೈನರ್, ಆ ಒಮ್ಮುಖ ವಾಲ್ವು ಹಾಕಿದ್ದೇವೆ. ಖರ್ಚಿನಲ್ಲಿ ಅರ್ಧ ನನ್ನದು. ನನ್ನ ಹಾಳೆಯ ಲೆಕ್ಕದಿಂದ ಆದ ನಷ್ಟ ಅದು, ಗೆಳೆಯ ಬೇಡವೆಂದರೂ ತಿಂಗಳಿಗಿಷ್ಟು ಎಂದು ಕೊಡುತ್ತಿದ್ದೇನೆ. ಟರ್ಬೊ ಮತ್ತೆ ಗುಜರಿಗೆ ಹೋಯಿತು. ತರುವಾಗ ಸಾಮಾನಿನ ರೇಟು, ಕೊಡುವಾಗ ಕಬ್ಬಿಣದ ತೂಕದ ರೇಟು.

ಹೋದ ವಾರ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಕಾಕಾ ಪಡಸಾಲೆಯಲ್ಲಿ ಕೂತಿದ್ದರು. ‘ಏನೋ ಎಂಜಿನಿಯರ್, ಗಾಡಿ ಯಾವಾಗ ಮುಂಡರಗಿ ಮುಟ್ಟೂದು?’ ಎಂದು ಕೇಳಿದರು. ನಾನು ತಲೆ ಕೆಳಗೆ ಹಾಕಿದೆ. ತೂತು ಬಿದ್ದ ಪಿಸ್ಟನ್ ಅವರ ದೇವರ ಜಗುಲಿಯ ಮುಂದೆ ಇತ್ತು. ಗೆಳೆಯನ ಅವ್ವ ಅದನ್ನು ಬೂದಿಯಿಂದ ತಿಕ್ಕಿ ತೊಳೆದು, ಅದೇ ತೂತಿನಲ್ಲಿ ಊದಿನಕಡ್ಡಿ ಸಿಕ್ಕಿಸಿದ್ದರು.